ಈ ಮೆಟ್ಟಿಲು ಯಾರದು? ಶಿಕ್ಷಣ ಮತ್ತು ಅರಣ್ಯ ಇಲಾಖೆಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ
ಮಾನ್ಯ ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು, ಅರಣ್ಯ ಇಲಾಖೆ
ಕರ್ನಾಟಕ ಸರ್ಕಾರ

ವಿಷಯ: 6ರಿಂದ 8ನೇ ತರಗತಿಯ ಪೌರನೀತಿ ಬೋಧನೆಗೆ ಶಾಲೆಯ ಹತ್ತಿರದ ಚಾರಣದ ಹಾದಿಯನ್ನು ಬಳಸಲು ಅನುವು ಮಾಡಿಕೊಡುವ ಕುರಿತು

ಮಾನ್ಯರೇ,

1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿಯಾದಾಗ ರಾಜ್ಯಪಟ್ಟಿಯಲ್ಲಿದ್ದ ಶಿಕ್ಷಣವೂ ಅರಣ್ಯವೂ ಒಟ್ಟಿಗೇ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋದವು. ಮೂಲಭೂತ ಕರ್ತವ್ಯಗಳು ಸಂವಿಧಾನದೊಳಗೆ ಬಂದದ್ದೂ ಅದೇ ತಿದ್ದುಪಡಿಯಿಂದ. ಹೀಗೆ ಒಂದೇ ದಿಬ್ಬಣದಲ್ಲಿ ಪಟ್ಟಿ ಬದಲಿಸಿದ ಎರಡು ವಿಷಯಗಳು ಶಾಲೆಯ ಅಂಗಳದಲ್ಲಿ ಮಾತ್ರ ಪರಸ್ಪರ ಮುಖ ನೋಡಿಕೊಳ್ಳುವುದಿಲ್ಲ. ಅದಕ್ಕೇ ನಿಮ್ಮಿಬ್ಬರಿಗೂ ಸೇರಿಸಿ ಈ ಪತ್ರ.

ನಮ್ಮ ದೂರು ಸರಳವಾದದ್ದು. ಏಳನೇ ತರಗತಿಯ ಮಗು 11 ಮೂಲಭೂತ ಕರ್ತವ್ಯಗಳನ್ನು ಒಂದೂ ತಪ್ಪದೆ ಒಪ್ಪಿಸುತ್ತದೆ. 51ಎ(ಜಿ) ಎಂದರೆ ಅರಣ್ಯ, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಎಂದೂ ಹೇಳುತ್ತದೆ. ಅದೇ ಮಗುವನ್ನು ಕಿಟಕಿಯ ಬಳಿ ಕರೆದುಕೊಂಡು ಹೋಗಿ, ಎದುರಿನ ಬೆಟ್ಟದ ದಾರಿಯಲ್ಲಿ ಮೆಟ್ಟಿಲೊಂದು ಕುಸಿದರೆ ಸರಿಪಡಿಸಬೇಕಾದವರು ಯಾರು ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಸರ್ಕಾರ’. ಯಾವ ಸರ್ಕಾರ, ಯಾವ ಕಚೇರಿ, ಯಾರ ಮೇಜು ಎಂಬ ಮುಂದಿನ ಪ್ರಶ್ನೆಗೆ ಉತ್ತರವಿಲ್ಲ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ, ದೊಡ್ಡವರಲ್ಲೂ ಬಹುಪಾಲು ಮಂದಿ ಹೇಳುವುದು ಅದನ್ನೇ. ಆದರೆ ‘ಸರ್ಕಾರ’ ಎಂಬ ಒಂದೇ ಮುದ್ದೆ ಪದವನ್ನು ಬಿಡಿಸಿ ತೋರಿಸುವುದಕ್ಕೇ ಅಲ್ಲವೇ ಪೌರನೀತಿ ಇರುವುದು?

ಹೊರಸಂಚಾರಕ್ಕೆ ಶಾಲೆಗಳಲ್ಲಿ ಅವಕಾಶವಿಲ್ಲ ಎನ್ನುವಂತಿಲ್ಲ. ಡಿಸೆಂಬರ್ ಬಂತೆಂದರೆ ನಸುಕಿನ ನಾಲ್ಕಕ್ಕೆ ಬಸ್ಸು ಹೊರಡುತ್ತದೆ, ಎರಡು ದಿನದಲ್ಲಿ ಏಳೆಂಟು ಊರು ನೋಡಿ, ಅರ್ಧ ನಿದ್ದೆಗಣ್ಣಲ್ಲಿ ಮಕ್ಕಳು ವಾಪಸಾಗುತ್ತಾರೆ. ಶಾಲೆಯಿಂದ ಒಂದೂವರೆ ಕಿಲೋಮೀಟರು ದೂರದ ಗುಡ್ಡ ಮಾತ್ರ ಯಾವ ಪಟ್ಟಿಗೂ ಸೇರುವುದಿಲ್ಲ. ಆ ಗುಡ್ಡದ ಕಾಲುದಾರಿಯಲ್ಲಿ ಏನಿದೆ ಎಂಬುದನ್ನು ಬುಡದಿಂದ ಹೇಳುತ್ತಾ ಹೋಗುತ್ತೇವೆ, ದಯವಿಟ್ಟು ಜೊತೆಗೆ ಬನ್ನಿ.

ಮೊದಲು ರಸ್ತೆ. ಅಲ್ಲಿನ ಮೈಲಿಗಲ್ಲಿನ ನೆತ್ತಿಯ ಬಣ್ಣ ನೋಡಿದರೆ ಅರ್ಧ ಪಾಠ ಮುಗಿಯಿತು. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಅದು ಕೇಂದ್ರಪಟ್ಟಿಯ ವಿಷಯ. ಹಸಿರಾದರೆ ರಾಜ್ಯ ಹೆದ್ದಾರಿ, ಲೋಕೋಪಯೋಗಿ ಇಲಾಖೆಯ ಹೊಣೆ. ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಮಕ್ಕಳು ದಿನಾ ಆ ಕಲ್ಲಿನ ಮೇಲೆ ಕುಳಿತು ಬಸ್ಸು ಕಾದಿರುತ್ತಾರೆ, ಅದಕ್ಕೆ ಬಣ್ಣ ಬಳಿಯುವುದರಲ್ಲೂ ಒಂದು ಆಡಳಿತವಿದೆ ಎಂದು ಯಾರೂ ಹೇಳಿರುವುದಿಲ್ಲ.

ರಸ್ತೆ ಬಿಟ್ಟು ಒಳಗೆ ತಿರುಗಿದರೆ ಕೆರೆ. ಈ ಕೆರೆ ಯಾರದು? ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳದ್ದು, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. ಏರಿ ಬಿರುಕು ಬಿಟ್ಟಾಗ ಊರವರು ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಮಳೆಗಾಲವಿಡೀ ಕಾಯುವುದು ಈ ಒಂದು ಅಂಕಿ ಗೊತ್ತಿಲ್ಲದ್ದಕ್ಕೆ. ಆರನೇ ತರಗತಿಯ ಮಗು ಅಚ್ಚುಕಟ್ಟು ಎಂಬ ಪದವನ್ನು ಏರಿಯ ಮೇಲೆ ನಿಂತು, ಕೆಳಗಿನ ಗದ್ದೆ ನೋಡುತ್ತಾ ಕಲಿತರೆ ಮತ್ತೆ ಮರೆಯುವುದಿಲ್ಲ.

ಆಮೇಲೆ ದಾರಿ ಗೋಮಾಳಕ್ಕೋ ಬಂಡಿದಾರಿಗೋ ಸೇರುತ್ತದೆ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳೆಯ ಕಾಲುದಾರಿಗಳನ್ನು ಚುಕ್ಕಿಗೆರೆಯಲ್ಲಿ ಗುರುತಿಸಿರುತ್ತಾರೆ. ಪಹಣಿಯಲ್ಲಿ ಖರಾಬು ಎಂಬ ಕಲಮಿದೆ: ಸಾಗುವಳಿಗೆ ಒಗ್ಗದ ನೆಲ ‘ಎ’ ಖರಾಬು, ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ‘ಬಿ’ ಖರಾಬು. ಖಾಸಗಿ ಹಿಡುವಳಿಗಳ ನಡುವೆಯೂ ಎಲ್ಲರಿಗೂ ಸೇರಿದ ಒಂದು ಪಟ್ಟಿ ನೆಲ ಹಾದುಹೋಗಬಲ್ಲದು ಎಂಬುದು ಹನ್ನೆರಡು ವರ್ಷದ ಮಕ್ಕಳಿಗೆ ಪವಾಡದಂತೆ ಕಾಣುತ್ತದೆ. ‘ಸಾರ್ವಜನಿಕ’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟಿನಲ್ಲೂ ಸಿಗದು. ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮೊಬೈಲಿನ ಜಿಪಿಎಸ್ ಬಂಡೆ, ಮರಗಳ ನಡುವೆ ಹತ್ತಾರು ಅಡಿ ತಪ್ಪು ತೋರಿಸುವುದು ಮಾಮೂಲು. ಪರದೆ ನೋಡಿದ ಹುಡುಗನೊಬ್ಬ ‘ಸಾರ್, ಈ ಬೇಲಿ ಒತ್ತುವರಿ’ ಎಂದು ತೀರ್ಪು ಕೊಟ್ಟುಬಿಡುತ್ತಾನೆ, ಬೇಲಿಯ ಮಾಲೀಕನ ಮಗಳು ಅದೇ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಗಡಿ ಹೇಳುವ ಅಧಿಕಾರ ಭೂಮಾಪಕನದು, ಆ್ಯಪಿನದಲ್ಲ. ತೀರ್ಪು ಕೊಡುವುದಕ್ಕೂ ಒಂದು ಕ್ರಮವಿದೆ ಎಂಬುದೂ ಪೌರನೀತಿಯೇ ಆದ್ದರಿಂದ ಈ ಮಾತನ್ನು ನಡಿಗೆಗೆ ಮೊದಲೇ ಹೇಳಿರಬೇಕು.

ಏರು ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ಅರಣ್ಯದ ಗಡಿಕಲ್ಲು ಎದುರಾಗುತ್ತದೆ, ನಂಬರು ಕೊರೆದ ಕಲ್ಲು ಅಥವಾ ಕಲ್ಲುಗುಪ್ಪೆ. ಕರ್ನಾಟಕ ಅರಣ್ಯ ಕಾಯ್ದೆ, 1963ರ 4ನೇ ಪ್ರಕರಣದಲ್ಲಿ ಮೀಸಲು ಅರಣ್ಯ ಮಾಡುವ ಉದ್ದೇಶದ ಅಧಿಸೂಚನೆ ಹೊರಡುತ್ತದೆ. ನಡುವೆ ಜನರ ಹಕ್ಕುಬಾಧ್ಯತೆಗಳ ವಿಚಾರಣೆಯಾಗುತ್ತದೆ. 17ನೇ ಪ್ರಕರಣದಲ್ಲಿ ಅಂತಿಮ ಘೋಷಣೆ. ಅಂದರೆ ಆ ಕಲ್ಲು ತಾನಾಗಿ ಹುಟ್ಟಿದ್ದಲ್ಲ, ಕಾನೂನಿನ ಮೆಟ್ಟಿಲೇರಿ ಬಂದದ್ದು. ಕಲ್ಲಿನ ಈಚೆ ಮೇಕೆ ಮೇಯಿಸುವುದಕ್ಕೆ ಒಂದು ನಿಯಮ, ಆಚೆ ಇನ್ನೊಂದು. ಒಂದು ಹೆಜ್ಜೆ ಇಟ್ಟರೆ ಕಾನೂನು ಬದಲಾಗುತ್ತದೆ. ಮಕ್ಕಳನ್ನು ಒಂದು ಕಾಲು ಈಚೆ, ಒಂದು ಕಾಲು ಆಚೆ ನಿಲ್ಲಿಸಿ ಇದನ್ನು ಹೇಳಬೇಕು. ಗಸ್ತಿನ ಅರಣ್ಯ ಪಾಲಕರು ಐದು ನಿಮಿಷ ಬಂದು, ತಮ್ಮ ಮೇಲೆ ಯಾರು, ಅವರ ಮೇಲೆ ಯಾರು ಎಂದು ವಲಯ ಅರಣ್ಯಾಧಿಕಾರಿಯವರೆಗಿನ ಸರಣಿಯನ್ನು ಹೇಳಿದರೆ ಕಾರ್ಯಾಂಗ ಎಂಬ ಒಣ ಪದಕ್ಕೆ ಖಾಕಿ ಬಟ್ಟೆ ತೊಡಿಸಿದಂತೆ.

ಮೇಲೆ ಹೋದಂತೆ ಹೊಣೆಗಳು ಇನ್ನಷ್ಟು ಹೆಣೆದುಕೊಳ್ಳುತ್ತವೆ. ಕೋಟೆಗೋಡೆ ಇದ್ದರೆ ನೀಲಿ ಫಲಕ ಹುಡುಕಿ. ಮಧುಗಿರಿ, ಚಿತ್ರದುರ್ಗಗಳ ಕೋಟೆಗಳಂತೆ ರಾಷ್ಟ್ರೀಯ ಮಹತ್ವದ ಸ್ಮಾರಕವಾಗಿದ್ದರೆ ಅದು ಭಾರತೀಯ ಪುರಾತತ್ವ ಸರ್ವೇಕ್ಷಣದ್ದು, 1958ರ ಕೇಂದ್ರ ಕಾಯ್ದೆಯಡಿ ಬರುತ್ತದೆ. ಕಟ್ಟಡ ಕಟ್ಟುವುದಕ್ಕೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇಲ್ಲದಿದ್ದರೆ ರಾಜ್ಯದ ಪುರಾತತ್ವ ಇಲಾಖೆಯ 1961ರ ಕಾಯ್ದೆಯಡಿ ಇರಬಹುದು. ಎರಡೂ ಅಲ್ಲದೆ ಅನಾಥವಾಗಿರುವ ಗೋಡೆಗಳೂ ಬೇಕಾದಷ್ಟಿವೆ. ನಮ್ಮ ಅನಿಸಿಕೆಯಲ್ಲಿ ಪಾಠಕ್ಕೆ ಹೆಚ್ಚು ಒದಗುವುದು ಈ ಅನಾಥ ಗೋಡೆಗಳೇ. ತುದಿಯ ದೇವಸ್ಥಾನ ಮುಜರಾಯಿಗೆ ಸೇರಿದ್ದೇ, ಟ್ರಸ್ಟಿನದೇ, ಊರಿನದೇ? ಪಕ್ಕದ ಗೋಪುರ ದೂರಸಂಪರ್ಕದ್ದಾದರೆ ಕೇಂದ್ರಪಟ್ಟಿ, ಅದಕ್ಕೆ ಹೋಗುವ ವಿದ್ಯುತ್ ತಂತಿ ಸಮವರ್ತಿ ಪಟ್ಟಿ. ಜಾತ್ರೆಯ ದಿನದ ಬಂದೋಬಸ್ತು ರಾಜ್ಯಪಟ್ಟಿಯ ಪೊಲೀಸು. ಸಂವಿಧಾನದ ಏಳನೇ ಅನುಸೂಚಿಯ ಮೂರೂ ಪಟ್ಟಿಗಳು ಎರಡು ಕಿಲೋಮೀಟರ್ ಕಾಲುದಾರಿಯಲ್ಲಿ ಮುಗಿದುಹೋದವು.

ಸ್ಥಳೀಯ ಸರ್ಕಾರದ ಪಾಠಕ್ಕಂತೂ ತುದಿಯವರೆಗೆ ಏರುವುದೂ ಬೇಡ. 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಆ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು, ಕಂಡದ್ದಕ್ಕೆಲ್ಲ ಗುರುತು ಹಾಕಲು ಹೇಳಿ. ಗ್ರಾಮೀಣ ವಿದ್ಯುದೀಕರಣ, ಕುಡಿಯುವ ನೀರಿನ ತೊಟ್ಟಿ, ಸಣ್ಣ ನೀರಾವರಿ, ಪಶುಪಾಲನೆ, ಸಾಮಾಜಿಕ ಅರಣ್ಯ, ಸೌದೆ ಮತ್ತು ಮೇವು, ರಸ್ತೆ ಮತ್ತು ಮೋರಿ, ಸಂತೆ ಜಾತ್ರೆ: ಗುಡ್ಡದ ಬುಡದಲ್ಲೇ ಎಂಟು ಹತ್ತು ಸಿಕ್ಕಿಬಿಡುತ್ತವೆ. ಬಾಯಿಪಾಠದಲ್ಲಿ ಐದಕ್ಕಿಂತ ಹೆಚ್ಚು ನೆನಪಿಟ್ಟುಕೊಂಡ ಮಗು ಅಪರೂಪ.

ಪಾಠ ನಡೆಸುವ ಬಗೆ ಹೀಗೆ. ಮುಂಚಿನ ದಿನ ಒಂದು ಪೀರಿಯಡ್ ನಕ್ಷೆಗೆ ಮೀಸಲು. ಗ್ರಾಮನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿ, ಕಾಲುದಾರಿಯನ್ನು ಪೆನ್ಸಿಲಿನಲ್ಲಿ ಎಳೆಯುವುದು. 40 ಮಕ್ಕಳಿದ್ದರೆ ಐವರಂತೆ ಎಂಟು ಗುಂಪು, ಗುಂಪಿಗೊಂದು ಕಡತ: ನೆಲ, ನೀರು, ಕಾಡು, ಕಟ್ಟಡ, ಕಸ, ವ್ಯಾಪಾರ, ಸುರಕ್ಷತೆ, ಫಲಕಗಳು. ಪ್ರತಿ ಕಡತದಲ್ಲೂ ಅವೇ ನಾಲ್ಕು ಪ್ರಶ್ನೆ. ಇದು ಯಾರದು? ಇದಕ್ಕೆ ಯಾರ ನಿಯಮ? ಖರ್ಚು ಯಾರ ಗಂಟಿನಿಂದ? ಕೆಟ್ಟರೆ ಯಾರಿಗೆ ಹೇಳಬೇಕು? ಇದಕ್ಕಿಂತ ಹೆಚ್ಚು ಪ್ರಶ್ನೆ ಸೇರಿಸಿದರೆ ಮಕ್ಕಳು ತಲೆಯೆತ್ತದೆ ಬರೆಯುತ್ತಾ ನಡೆಯುತ್ತಾರೆ, ಎಡವುತ್ತಾರೆ. ಹಾದಿಯಲ್ಲಿ ಆರು ನಿಲುಗಡೆ, ಒಂದೊಂದಕ್ಕೆ ಎಂಟು ಹತ್ತು ನಿಮಿಷ. ಪ್ರತಿ ಕಚೇರಿಗೆ ಒಂದು ಬಣ್ಣವೆಂದು ನಿಗದಿ ಮಾಡಿ, ಆಯಾ ತುಂಡು ದಾರಿಗೆ ಆ ಬಣ್ಣ ತುಂಬಿಸಬೇಕು. ಒಂದೇ ಗೆರೆ ಆರೇಳು ಬಣ್ಣಕ್ಕೆ ತಿರುಗಿದ ಆ ನಕ್ಷೆಯನ್ನು ಗೋಡೆಗೆ ಅಂಟಿಸಿ ನೋಡಿ, ಯಾವ ಚಾರ್ಟೂ ಅದಕ್ಕೆ ಸಮವಲ್ಲ. ಬಣ್ಣ ತುಂಬದೆ ಬಿಳಿಯಾಗಿಯೇ ಉಳಿದ ತುಂಡುಗಳು, ಅಂದರೆ ಯಾರದೆಂದು ಯಾರಿಗೂ ಗೊತ್ತಾಗದ ಜಾಗಗಳು, ಮುಂದಿನ ಪಾಠದ ಬೀಜ.

ನಡಿಗೆಯ ನಂತರ ಎರಡು ಪೀರಿಯಡ್. ಮೊದಲನೆಯದರಲ್ಲಿ ಕಂಡ ಸಮಸ್ಯೆಗಳಲ್ಲಿ ಒಂದನ್ನು ಆರಿಸುವ ಮತದಾನ, ಅದೂ ಗುಟ್ಟಿನ ಮತದಾನ. ಎರಡನೆಯದರಲ್ಲಿ ಪತ್ರ. ‘ಪರಿಸರ ಉಳಿಸಿ’ ಎಂಬಂಥ ವಿಷಯಕ್ಕೆ ಅವಕಾಶ ಕೊಡಬೇಡಿ, ಅದಕ್ಕೆ ಉತ್ತರ ಬರೆಯಬಲ್ಲ ಗುಮಾಸ್ತ ಎಲ್ಲೂ ಇಲ್ಲ. ‘ಎರಡನೇ ಮಂಟಪದಿಂದ ಮೇಲೆ 14ನೇ ಮೆಟ್ಟಿಲು ಕುಸಿದಿದೆ, ಉದ್ದ ಇಷ್ಟು, ಅಗಲ ಇಷ್ಟು’ ಎಂದರೆ ಕಡತವೊಂದು ತೆರೆಯಲೇಬೇಕಾಗುತ್ತದೆ. ಅಳತೆ ಟೇಪು ಒಯ್ಯಲು ಹೇಳುವುದು ಇದಕ್ಕೇ.

ಎಂಟನೇ ತರಗತಿಯಾದರೆ ಇನ್ನೊಂದು ಹೆಜ್ಜೆ ಮುಂದಿಡಬಹುದು: ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಈ ಮಿತಿಯ ಬಗ್ಗೆ ಹೋರಾಟಗಾರರಿಗೆ ತಕರಾರಿದೆ, ಭಾಷಾ ಶಿಕ್ಷಕರಿಗಂತೂ ಅದೊಂದು ವರ. ಮಕ್ಕಳು ಮೊದಲ ಸಲ ಬರೆಯುವ ಅರ್ಜಿಯಲ್ಲಿ ‘ಏಕೆ ರಿಪೇರಿ ಮಾಡಿಲ್ಲ?’ ಎಂದೇ ಕೇಳುತ್ತಾರೆ, ಅದಕ್ಕೆ ಉತ್ತರ ಬರುವುದಿಲ್ಲ. ಕಾಯ್ದೆ ಕೊಡಿಸುವುದು ದಾಖಲೆಯಲ್ಲಿರುವ ಮಾಹಿತಿಯನ್ನು, ಸಮಜಾಯಿಷಿಯನ್ನಲ್ಲ. ‘ಕಳೆದ ಎರಡು ಆರ್ಥಿಕ ವರ್ಷಗಳಲ್ಲಿ ಈ ದಾರಿಯ ದುರಸ್ತಿಗೆ ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಅಂದಾಜುಪಟ್ಟಿಯ ಪ್ರತಿ’ ಎಂದು ತಿದ್ದಿಸಬೇಕು. ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ. 6(3)ನೇ ಪ್ರಕರಣದ ಪ್ರಕಾರ ಅವರೇ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಆ ವರ್ಗಾವಣೆ ಪತ್ರವೇ ‘ಈ ಮೆಟ್ಟಿಲು ಯಾರದು’ ಎಂಬ ಪ್ರಶ್ನೆಗೆ ಸರ್ಕಾರದ ಲಿಖಿತ ಉತ್ತರ. ಅರ್ಜಿಗೆ ಸಹಿ ಹಾಕುವವರು ಶಿಕ್ಷಕರೋ ಪೋಷಕರೋ ಆಗಿರಲಿ, ಮಕ್ಕಳ ಮನೆವಿಳಾಸ ಕಡತಗಳಲ್ಲಿ ಅಲೆಯುವುದು ಬೇಡ.

ಪಾಠ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇವೆ. ಎಲ್ಲಕ್ಕಿಂತ ಹೆಚ್ಚು ಸಲ ತಪ್ಪುವುದು ಕಸದಲ್ಲಿ. ಮಕ್ಕಳಿಗೆ ಕೈಗವಸು ತೊಡಿಸಿ, ಚೀಲ ಹಿಡಿಸಿ, ಬೆಟ್ಟ ಗುಡಿಸಿ, ಬ್ಯಾನರಿನ ಹಿಂದೆ ನಿಲ್ಲಿಸಿ ಫೋಟೊ ತೆಗೆದರೆ ಅದು ಶ್ರಮದಾನ. ಒಳ್ಳೆಯ ಕೆಲಸವೇ, ಆದರೆ ಪೌರನೀತಿಯಲ್ಲ. ಮುಂದಿನ ಭಾನುವಾರ ಅಷ್ಟೇ ಕಸ ಬಿದ್ದಿರುತ್ತದೆ, ಎತ್ತಬೇಕಿದ್ದವರು ಯಾರು ಎಂದು ಯಾರೂ ಕೇಳಿರುವುದಿಲ್ಲ, ‘ದೊಡ್ಡವರು ಎಸೆಯುತ್ತಾರೆ, ನಾವು ಹೆಕ್ಕುತ್ತೇವೆ’ ಎಂಬುದಷ್ಟೇ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಹೆಕ್ಕುವ ಮೊದಲು ಎಣಿಸಬೇಕು. 100 ಮೀಟರ್ ದಾರಿಯನ್ನು ಹಗ್ಗದಲ್ಲಿ ಅಳೆದು, ಎರಡೂ ಬದಿ 2 ಮೀಟರ್‌ನಷ್ಟು ನೋಡಿ, ನೀರಿನ ಬಾಟಲಿ, ತಿಂಡಿಯ ಪೊಟ್ಟಣ, ಲೋಟ, ಗುಟ್ಕಾ ಚೀಟಿ, ಗಾಜು ಎಂದು ಲೆಕ್ಕ ಬರೆಯಬೇಕು. ಗಾಜು ಮುಟ್ಟಬಾರದು. ಆಮೇಲೆ ಪ್ರಶ್ನೆಗಳು ತಾವಾಗಿ ಬರುತ್ತವೆ. ತೊಟ್ಟಿ ಇಡಬೇಕಾದವರು ಪಂಚಾಯಿತಿಯೇ, ಅರಣ್ಯ ಇಲಾಖೆಯೇ? ಕಾಡಿನೊಳಗೆ ತೊಟ್ಟಿ ಇಟ್ಟರೆ ಮಂಗಗಳು ಉರುಳಿಸುವುದಿಲ್ಲವೇ? ಏಕಬಳಕೆಯ ಪ್ಲಾಸ್ಟಿಕ್ ಲೋಟಕ್ಕೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದ್ದ ಮೇಲೆ ಇದು ಇಲ್ಲಿಗೆ ಬಂದದ್ದು ಹೇಗೆ? ಪೊಟ್ಟಣ ತಯಾರಿಸಿದವರ ಹೊಣೆ ಏನು? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ ಉತ್ಪಾದಕರ ಹೊಣೆಯ ಮಾತೂ ಇದೆ. ಲೆಕ್ಕ ಮುಗಿದ ಮೇಲೆ ಬೇಕಾದರೆ ಹೆಕ್ಕಲಿ.

ಎರಡನೆಯ ತಪ್ಪು, ಉತ್ತರವನ್ನು ಶಿಕ್ಷಕರೇ ಹೇಳಿಬಿಡುವುದು. ‘ಗೊತ್ತಿಲ್ಲ, ಯಾರನ್ನು ಕೇಳಿದರೆ ಗೊತ್ತಾಗಬಹುದು?’ ಎನ್ನುವ ಧೈರ್ಯ ಬೇಕು. ಮೂರನೆಯದು, ದಾರಿಯಲ್ಲಿ ಸಿಗುವ ಜನರನ್ನು ಮಾದರಿ ವಸ್ತುಗಳಂತೆ ತೋರಿಸುವುದು. ಸೌದೆ ಹೊತ್ತ ಹೆಂಗಸು, ಕುರಿ ಕಾಯುವವರು, ಮಜ್ಜಿಗೆ ಮಾರುವವರು ಇವರೆಲ್ಲ ದಾರಿಯ ಹಕ್ಕುದಾರರು. ಚಾರಣಿಗರಿಗಿಂತ ಮೊದಲಿನಿಂದ ಆ ದಾರಿ ಸವೆಸಿದವರು. ಅನುಮತಿ ಕೇಳಿ ಮಾತಾಡಿಸಬೇಕು, ಫೋಟೊ ಬೇಡ. ಅವರು ಹೇಳಿದ್ದನ್ನು ಇಟ್ಟುಕೊಂಡು ತರಗತಿಯಲ್ಲಿ ಅಣಕು ಗ್ರಾಮಸಭೆ ನಡೆಸಬಹುದು. ಬೆಟ್ಟಕ್ಕೆ ಪ್ರವೇಶ ಶುಲ್ಕ ಬೇಕೇ ಎಂಬ ಒಂದೇ ವಿಷಯಕ್ಕೆ ಭಕ್ತರು, ಕುರಿಗಾಹಿಗಳು, ಚಾರಣಿಗರು, ಅಂಗಡಿಯವರು, ಅರಣ್ಯ ಸಿಬ್ಬಂದಿ ಐದು ಬಣವಾಗಿ ಕೂತರೆ ಒಂದು ಗಂಟೆ ಸಾಲದು.

ಮಕ್ಕಳ ಸುರಕ್ಷತೆಯೇ ನಿಮ್ಮ ಮೊದಲ ಆಕ್ಷೇಪವಾಗಬಹುದೆಂದು ನಮಗೆ ಗೊತ್ತು, ಆಗಲೂಬೇಕು. ದಾರಿಯ ಆಯ್ಕೆಯಲ್ಲೇ ಮುಕ್ಕಾಲು ಸುರಕ್ಷತೆ ಇದೆ. ಶಾಲೆಯಿಂದ ನಡೆದೇ ಹೋಗುವಂತಿರಬೇಕು. ಒಂದು ಬದಿಗೆ 2 ಕಿಲೋಮೀಟರ್, ಏರಿಕೆ 150 ಮೀಟರ್ ಮೀರಬಾರದು. ವಯಸ್ಕರ ಲೆಕ್ಕದಲ್ಲಿ ಸಮತಟ್ಟಿಗೆ ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು 40 ನಿಮಿಷದ ದಾರಿ. ಮಕ್ಕಳಿಗೆ ಅದರ ಎರಡರಷ್ಟು ಹಿಡಿದು, ನಿಲುಗಡೆಗಳ ಒಂದು ಗಂಟೆ ಸೇರಿಸಿ, ಇಳಿಯುವುದಕ್ಕೆ ಮತ್ತೊಂದು ಗಂಟೆ ಇಟ್ಟರೆ ಹತ್ತಿರಹತ್ತಿರ ಮೂರೂವರೆ ತಾಸು ಆಗುತ್ತದೆ. ಹತ್ತು ಮಕ್ಕಳಿಗೆ ಒಬ್ಬ ವಯಸ್ಕ, ಎಲ್ಲರಿಗಿಂತ ಮುಂದೆ ಒಬ್ಬರು, ಎಲ್ಲರಿಗಿಂತ ಹಿಂದೆ ಒಬ್ಬರು, ಅವರಿಬ್ಬರ ನಡುವಿನಿಂದ ಯಾವ ಮಗುವೂ ಆಚೆ ಹೋಗಕೂಡದು. ಪ್ರತಿ ನಿಲುಗಡೆಯಲ್ಲಿ ಮಕ್ಕಳೇ ಸರಣಿಸಂಖ್ಯೆ ಕೂಗಬೇಕು. ತಲಾ ಒಂದು ಲೀಟರ್ ನೀರು. ತಿಂಡಿ ಚೀಲದೊಳಗೇ ಇರಲಿ, ಕೈಯಲ್ಲಿ ಹಿಡಿದರೆ ಮಂಗಗಳು ಮೈಮೇಲೆ ಬರುತ್ತವೆ.

ತಿಂಗಳು ನವೆಂಬರ್‌ನಿಂದ ಜನವರಿಯ ಮೊದಲ ಭಾಗ ಸೂಕ್ತ. ಮಳೆಗಾಲದಲ್ಲಿ ಹಾಸುಬಂಡೆಯ ಮೇಲಿನ ಪಾಚಿ ಎಣ್ಣೆ ಸವರಿದಂತೆ ಜಾರುತ್ತದೆ. ಬೇಸಿಗೆ ಕಾಡ್ಗಿಚ್ಚಿನ ಕಾಲ, ಏಪ್ರಿಲ್ ಮೇ ಮಧ್ಯಾಹ್ನಗಳಲ್ಲಿ ಸಿಡಿಲಿನ ಭಯ ಬೇರೆ. ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ದಾರಿಯನ್ನೇ ಬಿಡಬೇಕು. ಕೂಗಾಟ, ಸುಗಂಧದ್ರವ್ಯ, ಹೊಗೆ ಯಾವುದಕ್ಕೂ ಅವು ಕೆರಳಬಹುದು. ಹಾಗಾಗಿ ಎರಡು ದಿನ ಮುಂಚೆ ಒಬ್ಬರು ದಾರಿ ನಡೆದು ನೋಡಿ ಬರಲೇಬೇಕು. ಆನೆ, ಕರಡಿ, ಚಿರತೆಯ ಓಡಾಟವಿರುವ ಕಡೆ ಅರಣ್ಯ ಸಿಬ್ಬಂದಿ ಬೇಡವೆಂದರೆ ಬೇಡ. ಹಾವಿನ ವಿಷಕ್ಕೆ ಔಷಧ ದಾಸ್ತಾನಿರುವ ಆಸ್ಪತ್ರೆ ಯಾವುದೆಂದು ಮೊದಲೇ ಫೋನು ಮಾಡಿ ತಿಳಿದಿರಬೇಕು. ಗಾಲಿಕುರ್ಚಿಯ ಮಗುವಿದ್ದರೆ ಪಾಠವನ್ನು ಬುಡದ ಒಂದು ಕಿಲೋಮೀಟರಿನಲ್ಲೇ, ಇಡೀ ತರಗತಿಗೆ, ನಡೆಸಬೇಕು. ಹೊಣೆಗಾರ ಕಚೇರಿಗಳು ಹೆಚ್ಚಿರುವುದೂ ಅಲ್ಲೇ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ. ಮೂರೂವರೆ ತಾಸಿನ ಮಿತಿಯನ್ನು ಬಿಗಿಯಾಗಿ ಹಿಡಿಯಬೇಕಾದ ಕಾರಣಗಳಲ್ಲಿ ಇದೂ ಒಂದು, ಹೆಣ್ಣುಮಕ್ಕಳ ಪಾಲಿಗೆ ಇದೇ ಮೊದಲನೆಯದು.

ಬೆಟ್ಟವಿಲ್ಲದ ಜಿಲ್ಲೆಗಳವರು ಕೈಬಿಡಬೇಕಿಲ್ಲ. ಕೆರೆ ಏರಿ, ಕಾಲುವೆಯ ಬದಿ, ಹಳೆಯ ಕೋಟೆಯ ಕಂದಕ ಯಾವುದಾದರೂ ಸರಿ. ನೀರಿನ ಬದಿಯಾದರೆ ಏರಿನ ಬದಲು ಆಳದ ಎಚ್ಚರ ಬೇಕು, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಸಾಧ್ಯವಿದ್ದೂ ನಡೆಯದಿರುವುದಕ್ಕೆ ಶಿಕ್ಷಕರ ಸೋಮಾರಿತನ ಕಾರಣವಲ್ಲ. ಅನುಮತಿಗೆಂದು ಹೊರಟ ಮುಖ್ಯ ಶಿಕ್ಷಕರಿಗೆ ಯಾವ ಕಾಗದ, ಯಾರಿಗೆ, ಎಷ್ಟು ದಿನ ಮುಂಚೆ ಎಂದು ಹೇಳುವ ಒಂದು ಪುಟವೂ ಸಿಗುವುದಿಲ್ಲ. ಪ್ರವಾಸದ ನಿಯಮಗಳನ್ನೇ ಇದಕ್ಕೂ ಅನ್ವಯಿಸಿದರೆ ಬಸ್ಸಿನ ದಾಖಲೆ ಕೇಳುತ್ತಾರೆ, ಬಸ್ಸೇ ಇರುವುದಿಲ್ಲ. ಅರಣ್ಯದ ಕಡೆ ಚಾರಣದ ನಿಯಮ ಅನ್ವಯಿಸಿದರೆ ಆನ್‌ಲೈನ್ ಟಿಕೆಟ್ಟು, ತಲಾ ಶುಲ್ಕ ಎನ್ನುತ್ತಾರೆ. ವಾರಾಂತ್ಯದ ಜನಜಂಗುಳಿಯನ್ನು ಹಿಡಿತಕ್ಕೆ ತರಲು ಆ ವ್ಯವಸ್ಥೆ ಬೇಕಾದದ್ದೇ, ಕುಮಾರ ಪರ್ವತದ ದಾರಿ ಕಂಡವರು ಯಾರೂ ಅಲ್ಲಗಳೆಯಲಾರರು. ಆದರೆ ಊರ ಶಾಲೆಯ ಮಕ್ಕಳು ಊರ ಗುಡ್ಡದ ಬುಡಕ್ಕೆ ಹೋಗುವುದು ಬೇರೆಯ ಬಗೆಯದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನ ದಾರಿಗಳನ್ನು ನಾವು ಕೇಳುತ್ತಲೇ ಇಲ್ಲ. ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರವೇಶ ನಿರ್ಬಂಧಗಳು ಇರುವಂತೆಯೇ ಇರಲಿ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗೆ ನಮ್ಮ ನಲವತ್ತು ಮಕ್ಕಳ ಸದ್ದು ಬೇಡ.

ಆದ್ದರಿಂದ ನಮ್ಮ ಕೋರಿಕೆಗಳು ಇಷ್ಟು. ಶಿಕ್ಷಣ ಇಲಾಖೆಯಲ್ಲಿ ‘ಸಂಭ್ರಮ ಶನಿವಾರ’ ಎಂಬ ಬ್ಯಾಗಿಲ್ಲದ ದಿನದ ಪದ್ಧತಿ ಈಗಾಗಲೇ ಇದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಗೆ ಹತ್ತು ಬ್ಯಾಗಿಲ್ಲದ ದಿನಗಳ ಮಾತಿದೆ. ವರ್ಷದ ಅಂಥ ಒಂದು ಶನಿವಾರವನ್ನು ಈ ನಡಿಗೆಗೆ ಬಿಡಿ. ಬೆಳಗಿನ ಶಾಲೆಯಾದ್ದರಿಂದ 8ಕ್ಕೆ ಹೊರಟು 11.30ಕ್ಕೆ ಮರಳಲು ಅದು ಹೇಳಿ ಮಾಡಿಸಿದ ದಿನ. ಶಾಲೆಯಿಂದ ನಡೆದು ಹೋಗುವ, ಅರ್ಧ ದಿನದ ನಡಿಗೆಯನ್ನು ‘ಪ್ರವಾಸ’ದಿಂದ ಬೇರ್ಪಡಿಸಿ, ಪೋಷಕರ ಒಪ್ಪಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯ ಇದ್ದರೆ ಮುಖ್ಯ ಶಿಕ್ಷಕರೇ ತೀರ್ಮಾನಿಸುವಂತೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟರೆ ಸಾಕೆನ್ನುವಂತೆ ಸುತ್ತೋಲೆ ಹೊರಡಿಸಿ. ಅಂಕ ಕೊಡುವುದಾದರೆ ಎಷ್ಟು ಎತ್ತರ ಏರಿದರೆಂಬುದಕ್ಕೆ ಬೇಡ, ಬರೆದ ಪತ್ರಕ್ಕೆ ಕೊಡಿ.

ಅರಣ್ಯ ಇಲಾಖೆಯವರು ‘ಚಿಣ್ಣರ ವನ ದರ್ಶನ’ದಲ್ಲಿ ಮಕ್ಕಳಿಗೆ ಕಾಡು ತೋರಿಸುತ್ತಿದ್ದೀರಿ. ಅದರ ಜೊತೆಗೆ ಕಾಡಿನ ಗಡಿಕಲ್ಲನ್ನೂ ತೋರಿಸಿ, ಅದರ ಅಧಿಸೂಚನೆಯ ಒಂದು ಪ್ರತಿಯನ್ನು ಶಾಲೆಗೆ ಕೊಡಿ. ಅಭಯಾರಣ್ಯಗಳಿಗೆ ಸೇರದ, ಶಾಲೆಗಳಿಗೆ ಹತ್ತಿರದ ದಾರಿಗಳನ್ನು ವಲಯವಾರು ಪಟ್ಟಿ ಮಾಡಿ, ವಲಯ ಅರಣ್ಯಾಧಿಕಾರಿಯೇ ಒಂದು ಪುಟದ ಅರ್ಜಿಯ ಮೇಲೆ ಏಳು ದಿನದಲ್ಲಿ ಶುಲ್ಕವಿಲ್ಲದೆ ಅನುಮತಿಯನ್ನೋ ಕಾರಣ ಸಹಿತ ನಿರಾಕರಣೆಯನ್ನೋ ಕೊಡುವಂತಾಗಲಿ. ನಿರಾಕರಣೆಗೂ ನಮಗೆ ಬೇಸರವಿಲ್ಲ, ಕಾರಣ ಬರೆದಿದ್ದರೆ ಅದನ್ನೂ ತರಗತಿಯಲ್ಲಿ ಓದಿಸುತ್ತೇವೆ.

ಕಡೆಯದು ಇಬ್ಬರಿಗೂ ಸೇರಿದ್ದು. ಮಕ್ಕಳು ಬಿಡಿಸಿದ ಬಣ್ಣದ ನಕ್ಷೆ, ಬರೆದ ಪತ್ರ ಆ ವರ್ಷದ ಮಕ್ಕಳ ಗ್ರಾಮಸಭೆಗೆ ಹೋಗಲಿ, ಸಂಬಂಧಪಟ್ಟ ಕಚೇರಿಗಳು ಅಂಥ ಪತ್ರಗಳಿಗೆ 30 ದಿನದಲ್ಲಿ ಉತ್ತರ ಬರೆಯಲಿ. ಕೆಲಸ ಆಗಿಯೇ ತೀರಬೇಕೆಂದು ನಾವು ಪಟ್ಟು ಹಿಡಿಯುವುದಿಲ್ಲ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಇಂಥ ಕಚೇರಿಗೆ ಕಳುಹಿಸಿದ್ದೇವೆ’ ಎಂಬ ಎರಡು ಸಾಲು, ಕೆಳಗೊಂದು ಮೊಹರು, ದಿನಾಂಕವಿರುವ ಸಹಿ ಇದ್ದರೆ ಅವತ್ತಿನ ಪಾಠಕ್ಕೆ ಸಾಕು.

ಇಂತಿ ತಮ್ಮ ವಿಶ್ವಾಸಿಗಳು,
ಸಮಾಜ ವಿಜ್ಞಾನ ಬೋಧಕರು ಮತ್ತು ಚಾರಣ ಮಾರ್ಗದರ್ಶಕರು